ನೆಲಬೇವಿಗೆ ಬೈಯುವ ಕೆಲಸ

ನಮ್ಮೂರಿನಲ್ಲಿ ನೆಲಬೇವಿಗೆ ನೀರು ಹಾಕದಿದ್ದರೂ ನಡೆಯುತ್ತದೆ, ಬೈಯದಿದ್ದರೆ ನಡೆಯುವುದಿಲ್ಲ. ಬೆಳಿಗ್ಗೆ ಎದ್ದು ಅದರ ಮುಂದೆ ನಿಂತು ಹೊಟ್ಟೆಯೊಳಗಿನದನ್ನೆಲ್ಲ ಕಕ್ಕಿ ಬಂದರೆ ಎಲೆ ಕಹಿಯಾಗುತ್ತದೆ. ಬಿಟ್ಟರೆ ಸಪ್ಪೆಯಾಗುತ್ತದೆ. ಇನ್ನೂ ಬಿಟ್ಟರೆ ಸಿಹಿಯಾಗಿ ಆಡುಗಳು ಮೇಯ್ದು ಹೋಗುತ್ತವೆ. ಆ ಬೈಯುವ ಕೆಲಸ ನಮ್ಮ ಮನೆತನದ್ದು. ನಮ್ಮಜ್ಜಿ ಬೈದಳು, ಅವಳಾದ ಮೇಲೆ ನಮ್ಮವ್ವ ಬೈದಳು, ಈಗ ಮರಿಕೆಂಪಿ ಎಂಬ ಹೆಸರಿನ ನಾನು ಬೈಯುತ್ತಿದ್ದೇನೆ. ಹಸು ಒಂದೇ ಕೈಗೆ ಹಾಲು ಬಿಡುವ ಹಾಗೆ ಈ ಗಿಡವೂ ಒಂದೇ ಬಾಯಿಗೆ ಒಗ್ಗಿಕೊಂಡಿರುತ್ತದೆ. ಬೇರೆಯವರು ಎಷ್ಟು ಕೂಗಾಡಿದರೂ ಅದಕ್ಕೆ ಲಕ್ಷ್ಯವಿಲ್ಲ.

ಬೈಯುವುದೆಂದರೆ ಸುಮ್ಮನೆ ಬಾಯಿ ಬಡಿದುಕೊಳ್ಳುವುದಲ್ಲ. ಒಳಗೆ ಉರಿ ಇರಬೇಕು. ನಾಟಕದ ಬೈಗುಳವನ್ನು ಗಿಡ ಕೂಡಲೇ ಕಂಡುಹಿಡಿಯುತ್ತದೆ. ಚಾವಡಿಯ ಹಿಂದಿನ ಮರಳು ನೆಲದಲ್ಲಿ ಅದನ್ನು ಸಾಲುಸಾಲಾಗಿ ಬೆಳೆಸುತ್ತೇವೆ, ಒಂದೊಂದು ಸಾಲಿಗೂ ಒಂದೊಂದು ಹದ. ತುರಿಕಜ್ಜಿಗೆ ಬೇಯಿಸಿ ಮೀಯಿಸುವ ಸೊಪ್ಪಿಗೆ ಸಣ್ಣಪುಟ್ಟ ಗೊಣಗಾಟ ಸಾಕು. ಉಪ್ಪಿನಕಾಯಿ ಜಾಡಿಗೆ ಬೂಸ್ಟು ಬಂದದ್ದು, ಪಕ್ಕದ ಮನೆಯ ಕೋಳಿ ಕಸ ಕೆದರಿದ್ದು, ಇಂಥವು. ಮಕ್ಕಳ ಹೊಟ್ಟೆಹುಳುವಿಗೆ ಜೇನಿನಲ್ಲಿ ತೇದು ನೆಕ್ಕಿಸುವ ಎಲೆಗೆ ತಾಯಿ ಮಗುವನ್ನು ಗದರಿಸಿದಷ್ಟು ಬೇಕು. ಮಗುವಿಗೆ ಹಾಲು ಬಿಡಿಸುವಾಗ ತಾಯಂದಿರು ಎದೆಗೆ ಹಚ್ಚಿಕೊಳ್ಳುವ ರಸಕ್ಕೂ ಅದೇ ಸಾಲು. ಕಾಮಾಲೆಯ ಸಾಲಿಗೆ ಹಳೆಯ ಹಗೆ ಬೇಕು, ಮಾಗಿದ್ದಾದರೆ ಇನ್ನೂ ಒಳ್ಳೆಯದು. ಒಣಶುಂಠಿ, ಮೆಣಸು ಹಾಕಿ ಕಷಾಯ ಕುದಿಸುವ ಜ್ವರದ ಸಾಲಿಗೆ ಮಾತ್ರ ಅಂಗಾಲಿನಿಂದ ನೆತ್ತಿಗೇರುವ ಕೋಪವೇ ಬೇಕು, ಅದೂ ಬಿಸಿಬಿಸಿಯಾಗಿ.

ಕೋಪಕ್ಕೆಂದೇ ಒಬ್ಬಳನ್ನು ಇಟ್ಟುಕೊಂಡಿರುವಾಗ ತಾವೇಕೆ ಬಾಯಿ ನೋಯಿಸಿಕೊಳ್ಳಬೇಕು ಎಂದು ನಮ್ಮೂರಿನವರು ಜಗಳವಾಡುವುದನ್ನೇ ಮರೆತುಬಿಟ್ಟಿದ್ದಾರೆ. ಒಬ್ಬನ ಎತ್ತು ಇನ್ನೊಬ್ಬನ ಹೊಲಕ್ಕೆ ನುಗ್ಗಿ ಮೇಯ್ದರೆ, ಹೊಲದವನು ಬಂದು "ನಿಮ್ಮೆತ್ತಿಗೆ ನಮ್ಮ ಜೋಳ ಒಗ್ತಾ ಹೆಂಗೆ?" ಎಂದು ವಿಚಾರಿಸಿ ಹೋಗುತ್ತಾನೆ. ಅತ್ತೆ ಸೊಸೆಗೆ ಏನಾದರೂ ಅನ್ನಬೇಕಾದರೆ ಮೊದಲು ಅವಳನ್ನು ಕೂರಿಸಿ ತಲೆಗೆ ಎಣ್ಣೆ ಹಚ್ಚುತ್ತಾಳೆ. ಊರಿನ ಪಾಲಿನ ಕಹಿಯನ್ನೆಲ್ಲ ನಾನೊಬ್ಬಳೇ ಹೊತ್ತಿದ್ದೇನೆ ಎಂದು ನನಗೆ ಸ್ವಲ್ಪ ಜಂಬವೂ ಇತ್ತು.

ನಾನು ಬೈದು ಮುಗಿಸಿದ ಮೇಲೆ ಬೋರಜ್ಜಿ ಬರುತ್ತಿದ್ದಳು. ಬೋರಜ್ಜಿ ನಮ್ಮೂರಿನ ಸೂಲಗಿತ್ತಿ, ಔಷಧಿ ಕುದಿಸುವವಳೂ ಅವಳೇ. ಕೋಲೂರಿಕೊಂಡು ಬಂದು ಜ್ವರದ ಸಾಲಿನಿಂದ ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅವಳ ಮುಖ ಎಷ್ಟು ಸಿಂಡರಿಸಿದರೆ ಊರಿಗೆ ಅಷ್ಟು ನೆಮ್ಮದಿ. ಆ ಮುಖವನ್ನು ನೋಡಿಕೊಂಡೇ ಜನ ಹೊಲಕ್ಕೆ ಹೋಗುತ್ತಿದ್ದರು. ನನ್ನ ಮದುವೆ ವಿಷಯ ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಹೊತ್ತಾರೆ ಎದ್ದು ಗಿಡಕ್ಕೇ ಈ ಪಾಟಿ ಬೈಯುವವಳು ಗಂಡನನ್ನು ಬಿಟ್ಟಾಳೆಯೇ ಎಂದು, ನನ್ನನ್ನು ನೋಡಲು ಬಂದ ಗಂಡುಗಳೆಲ್ಲ ಉಪ್ಪಿಟ್ಟು ತಿಂದು ಓಡಿದ್ದರು. ಅವರಲ್ಲೊಬ್ಬ ಚಪ್ಪಲಿ ಬಿಟ್ಟು ಹೋದವನು ಇವತ್ತಿನವರೆಗೂ ಕೇಳಿಕೊಂಡು ಬಂದಿಲ್ಲ. ಚಪ್ಪಲಿ ಚೆನ್ನಾಗಿತ್ತು, ನಾನೇ ಮೆಟ್ಟಿ ಸವೆಸಿದೆ. ತಲೆಯಲ್ಲಿ ಬಿಳಿ ಕೂದಲು ಕಾಣಿಸಿಕೊಂಡ ಮೇಲೆ ನಾನೂ ಆ ಯೋಚನೆ ಬಿಟ್ಟೆ.

ಹೋದ ವರ್ಷ ಮುಂಗಾರಿನ ಹೊತ್ತಿಗೆ ಊರಿಗೆ ಕಲಾಯಿ ಹಾಕುವವನೊಬ್ಬ ಬಂದ. ಹೆಸರು ಮೌನಾಚಾರಿ. ದೊಡ್ಡ ಮೀಸೆ, ಸಣ್ಣ ಆಳು. ಕಹಿ ಕಷಾಯ ಕುದಿಸಿ ಕುದಿಸಿ ನಮ್ಮ ತಾಮ್ರದ ಪಾತ್ರೆಗಳೆಲ್ಲ ಕಿಲುಬು ಹಿಡಿದಿದ್ದವು, ಅವನ ಕೆಲಸಕ್ಕೇನೂ ಬರವಿರಲಿಲ್ಲ. ಯಜಮಾನ ಚಿಕ್ಕವೀರಯ್ಯನವರು ಚಾವಡಿಯ ಹಿಂದಿದ್ದ ಖಾಲಿ ಕೊಟ್ಟಿಗೆಯನ್ನು ಅವನಿಗೆ ಬಿಟ್ಟುಕೊಟ್ಟರು. ಅವನು ಹುಣಸೆಮರದ ಬುಡದಲ್ಲಿ ಗುಂಡಿ ತೋಡಿ, ಗಾಳಿ ಊದುವ ತಿದಿ ಇಟ್ಟು, ನನ್ನ ನೆಲಬೇವಿನ ಮಗ್ಗುಲಲ್ಲೇ ಒಲೆ ಹೂಡಿದ. ಪಾತ್ರೆ ಕಾಯಿಸಿ ಅದರೊಳಗೆ ನವಸಾಗರದ ಪುಡಿ ಉದುರಿಸಿದರೆ ಬಿಳಿ ಹೊಗೆ ಭುಗ್ಗೆಂದು ಎದ್ದು ನೇರವಾಗಿ ನನ್ನ ಮೂಗಿಗೇ ಬರುತ್ತಿತ್ತು. ನಾನು ಕೆಮ್ಮುತ್ತ, ಕಣ್ಣುಜ್ಜುತ್ತ ಗಿಡದ ಮುಂದೆ ನಿಂತು ಶುರುಮಾಡುತ್ತಿದ್ದೆ.

"ಆ ಹೊಗೆ ಮುಕ್ಕನ ಮೀಸೆಗೆ ಕೆಂಡ ಬೀಳ. ಅವನ ತಿದಿಗೆ ಹೆಗ್ಗಣ ಸೇರ್ಕಳ. ಇಷ್ಟಗಲ ಭೂಮಿ ಬಿದ್ದದೆ, ಅವನ ಕೊಳ್ಳಿ ಇಕ್ಕಕ್ಕೆ ನನ್ನ ಮೂಗಿನ ತುದಿಯೇ ಬೇಕಾಗಿತ್ತಾ? ಊರೋರ ಪಾತ್ರೆಗೆಲ್ಲ ಕಲಾಯಿ ಹಾಕ್ತಾನಂತೆ, ಆ ಮೂತಿಗೆ ಹಾಕೋರು ಯಾರೂ ಇಲ್ವಲ್ಲ."

ಮೌನಾಚಾರಿ ಒಂದು ಮಾತು ತಿರುಗಿಸುತ್ತಿರಲಿಲ್ಲ. ಪಾತ್ರೆ ತಂದವರಿಗೆ "ನಿನ್ನೆ ತಿದಿ ಆಗಿತ್ತು, ಇವತ್ತು ಮೀಸೆಗೆ ಬಂದದೆ" ಎಂದು ಮೆಲ್ಲಗೆ ವರದಿ ಒಪ್ಪಿಸಿ ಬಟ್ಟೆಯಿಂದ ತವರ ಸವರುತ್ತ ಕೂರುತ್ತಿದ್ದ. ಆ ತಣ್ಣನೆಯ ಮುಖ ನೋಡಿದರೆ ನನಗೆ ಇನ್ನಷ್ಟು ಉರಿಯುತ್ತಿತ್ತು. ನಮ್ಮಜ್ಜಿಯ ಕಾಲದಲ್ಲೂ ಕಾಣದಷ್ಟು ಕಹಿ ನೆಲಬೇವಿಗೆ ಬಂತು. ಬೋರಜ್ಜಿ ಎಲೆ ಅಗಿದು, ಮುಖ ಹಿಂಡಿ, ಎರಡು ಸಲ ಸೀನಿ, "ಇವ್ನು ಬಂದಿದ್ದು ಊರಿಗೆ ಒಳ್ಳೇದಾಯ್ತು ಕಣೆ" ಎಂದಳು. ಗಿಡ ಹೂ ಬಿಟ್ಟ ಮೇಲೆ ಕೊಯ್ದು ಒಣಗಿಸಿ ಕಟ್ಟು ಕಟ್ಟುವುದು ನಮ್ಮ ವಾಡಿಕೆ. ಹೂ ಬಿಡುವುದನ್ನೇ ಎಲ್ಲರೂ ಕಾಯುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ನಾನು ಎಂದಿನಂತೆ ಸೆರಗು ಸಿಕ್ಕಿಸಿಕೊಂಡು, ಗಂಟಲು ಸರಿಮಾಡಿಕೊಂಡು ಬಂದೆ. ಹೊಗೆ ಬರಲಿಲ್ಲ. ನೋಡಿದರೆ ಒಲೆ ಮರದ ಆಚೆ ಬದಿಗೆ ಹೋಗಿತ್ತು. ಹೊಸ ಗುಂಡಿ, ಸುತ್ತ ಮಣ್ಣಿನ ಮೋಟುಗೋಡೆ, ಹೊಗೆಯೆಲ್ಲ ಕೆರೆಯ ಕಡೆ ಹೋಗುತ್ತಿತ್ತು. ಗಿಡದ ಸಾಲಿನ ತಲೆಯಲ್ಲಿ ನನ್ನ ಕಷಾಯದ ಹಂಡೆ ಕೂತಿತ್ತು. ಅದು ನಮ್ಮಜ್ಜಿಯ ಹಂಡೆ, ಒಳಗೆ ಕಾಡಿಗೆಯ ಹಾಗೆ ಕಪ್ಪಾಗಿ, ಚಾವಡಿಯ ಮೂಲೆಯಲ್ಲಿ ಬಿದ್ದಿತ್ತು. ಯಾರು ತಂದರೋ ಎಂದು ಬಗ್ಗಿ ನೋಡಿದೆ. ಒಳಗಡೆ ಹುಣ್ಣಿಮೆ ಬಿದ್ದ ಹಾಗೆ ಬೆಳ್ಳಗಿತ್ತು. ಅದರಲ್ಲಿ ಒಂದು ಹೆಂಗಸಿನ ಮುಖ ಕಂಡಿತು. ಹುಬ್ಬು ಗಂಟಿಕ್ಕಿರಲಿಲ್ಲ, ಬಾಯಿ ಬೈಯುತ್ತಿರಲಿಲ್ಲ. ಯಾರಪ್ಪ ಇವಳು, ನೋಡಲು ಪರವಾಗಿಲ್ಲವಲ್ಲ ಎಂದುಕೊಂಡೆ. ಆಮೇಲೆ ನಾನೇ ಎಂದು ತಿಳಿಯಿತು.

"ಹೊಗೆಗೆ ನಿಮ್ಗೆ ಕೆಮ್ಮು ಬತ್ತಿತ್ತು. ಅದ್ಕೆ ಒಲೆ ಆಚೆಗೆ ಹಾಕ್ದೆ. ಇನ್ಮ್ಯಾಲೆ ತೊಂದ್ರೆ ಆಗಕಿಲ್ಲ, ಕೆಂಪಮ್ಮಾರೆ." ಮೌನಾಚಾರಿ ನನ್ನ ಜೊತೆ ಆಡಿದ ಮೊದಲ ಮಾತು ಅದು.

ನಾನು ಬಾಯಿ ತೆರೆದೆ. ಬೈಗುಳ ಬರಲಿಲ್ಲ. ಗಂಟಲಿನಲ್ಲಿ ಏನೋ ಕಚಗುಳಿಯಿಟ್ಟ ಹಾಗಾಗಿ ಕಿಸಕ್ಕನೆ ನಗು ಬಂತು. ಕೈಯಿಂದ ಬಾಯಿ ಮುಚ್ಚಿಕೊಂಡು ಮನೆಗೆ ಓಡಿದೆ. ದಾರಿಯಲ್ಲಿ ಎಡವಿ ಬಿದ್ದೆ, ಅದಕ್ಕೂ ನಗು ಬಂತು. ಹಾಲು ಉಕ್ಕಿ ಒಲೆಗೆ ಬಿತ್ತು, ಎಷ್ಟು ಚೆನ್ನಾಗಿ ಉಕ್ಕಿತು ಎಂದುಕೊಂಡೆ. ಬೆಕ್ಕು ಮೊಸರು ಕುಡಿದು ಹೋಯಿತು, ಅದರ ಮೀಸೆಗೆ ಹತ್ತಿದ ಮೊಸರು ನೋಡಿ ಇನ್ನೊಂದು ಮೀಸೆಯ ನೆನಪಾಗಿ ಗೋಡೆಗೊರಗಿ ಕೂತೆ. ಈ ವಯಸ್ಸಿನಲ್ಲಿ ನನಗೆ ಪ್ರೀತಿ ಬಂದಿತ್ತು. ಮುಚ್ಚಿಡುವುದಕ್ಕೇನಿದೆ, ಅದು ಬಂದದ್ದು ನನಗೆ ಬಹಳ ಚೆನ್ನಾಗಿತ್ತು. ಆಚಾರಿಗೆ ಮಾತ್ರ ಹೇಳಲಿಲ್ಲ. ಬೈದು ಅಭ್ಯಾಸವಾದ ಬಾಯಿಗೆ ಅಂಥ ಮಾತು ಎಲ್ಲಿಂದ ಶುರುಮಾಡಬೇಕೆಂದು ಗೊತ್ತಿರಲಿಲ್ಲ.

ಆಮೇಲೆಯೂ ದಿನಾ ಗಿಡದ ಮುಂದೆ ಹೋಗಿ ನಿಲ್ಲುತ್ತಿದ್ದೆ. ಹಳೆಯ ಬೈಗುಳಗಳನ್ನು ನೆನಪಿನಿಂದ ಒಪ್ಪಿಸುತ್ತಿದ್ದೆ. ಮಗ್ಗಿ ಒಪ್ಪಿಸಿದ ಹಾಗೆ ಬರುತ್ತಿತ್ತು, ನಡುವೆ ನಗು ಬೇರೆ. ಕೆಲವು ದಿನಗಳಲ್ಲೇ ಬೋರಜ್ಜಿಯ ಮುಖ ಸಿಂಡರಿಸುವುದು ಕಡಿಮೆಯಾಯಿತು. ಒಂದು ದಿನ ಎಲೆ ಅಗಿದಳು. ಇನ್ನೊಂದು ಎಲೆ ಅಗಿದಳು. ಮೂರನೆಯದನ್ನು ಚಪ್ಪರಿಸಿದಳು.

"ಕೆಂಪಿ, ಇದು ಕಬ್ಬಾಗದೆ ಕಣೆ" ಎಂದಳು.

ಚಾವಡಿಯಲ್ಲಿ ಜನ ಸೇರಿದರು. ಸಿಹಿಯಾದ ಸುದ್ದಿ ಕೇಳಿ ಯಾರೂ ನನಗೆ ಒಂದು ಮಾತು ಅನ್ನಲಿಲ್ಲ, ಅವರಿಗೆ ಅನ್ನಲು ಬಂದರಲ್ಲವೇ. ಯಜಮಾನ ಚಿಕ್ಕವೀರಯ್ಯನವರು ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು, "ಗಾಳಿ ತಿರುಗೋ ಕಾಲ ಹತ್ರ ಬಂತು. ಗಾಳಿ ತಿರುಗುದ್ರೆ ಚಳಿಜ್ವರ ಬತ್ತದೆ. ಹೋದ ವರ್ಷದ ಕಟ್ಟು ಬೋರಜ್ಜಿ ಅಟ್ಟದಾಗೆ ಒಂದಷ್ಟು ಅವೆ. ಅವು ಮುಗುದ್ರೆ ಗತಿ ಏನು?" ಎಂದರು. ಎಲ್ಲರೂ ಬೋರಜ್ಜಿಯ ಕಡೆ ನೋಡಿದರು. ಬೋರಜ್ಜಿ ನನ್ನ ಕಡೆ ನೋಡಿದಳು. ನಾನು ಹುಣಸೆಮರದ ಕಡೆ ನೋಡುತ್ತಿದ್ದೆ. ಬೋರಜ್ಜಿಗೆ ಎಲ್ಲ ಅರ್ಥವಾಯಿತು.

"ಇವಳಿಗೆ ಕೋಪ ಬರಿಸ್ಬೇಕು. ಅದು ಊರೋರ ಕೆಲಸ" ಎಂದು ಅಪ್ಪಣೆ ಕೊಟ್ಟಳು.

ಮಾರನೆಯ ದಿನದಿಂದ ಊರಿಗೆ ಊರೇ ನನಗೆ ಕೋಪ ಬರಿಸಲು ಹೊರಟಿತು. ಅವರ ಪಾಡು ನೆನೆದರೆ ಈಗಲೂ ಹೊಟ್ಟೆ ಹಿಡಿದುಕೊಂಡು ನಗುತ್ತೇನೆ. ಯಜಮಾನರು ಬಂದು ನನ್ನ ಜಗಲಿಯ ಮೇಲೆ ಕೂತು, ಬೆವರು ಒರೆಸಿಕೊಂಡು, "ಕೆಂಪವ್ವ, ಮೊನ್ನೆ ಕಳಿಸಿದ್ದೆಯಲ್ಲ ಹುರುಳಿ ಸಾರು, ಅದ್ರಲ್ಲಿ ಉಪ್ಪು ಒಂದು ಕಲ್ಲು ಕಮ್ಮಿ ಆಗಿತ್ತು. ಬೇಜಾರು ಮಾಡ್ಕಬ್ಯಾಡ. ಅಲ್ಲ, ಮಾಡ್ಕೊ" ಎಂದರು. ಕುಂಬಾರರ ದೊಡ್ಡತಾಯಮ್ಮ ನನ್ನ ಬಾಗಿಲಿಗೆ ಕಸ ಸುರಿಯಲು ಬಂದವಳು, ಸುರಿದ ಮೇಲೆ ಮನಸ್ಸು ತಡೆಯದೆ ತಾನೇ ಗುಡಿಸಿ, ಸಗಣಿ ನೀರು ಹಾಕಿ, ರಂಗೋಲಿ ಬಿಟ್ಟು ಹೋದಳು. ಯಾರೋ ನನ್ನ ಕೋಳಿ ಕದ್ದರು. ಸಂಜೆ ಹೊತ್ತಿಗೆ ಕಾಳು ತಿನ್ನಿಸಿ, ಕಾಲಿಗೆ ಗೆಜ್ಜೆ ಕಟ್ಟಿ ವಾಪಸು ತಂದುಬಿಟ್ಟರು. ಒಬ್ಬಾತ ದೂರದಲ್ಲಿ ನಿಂತು "ಗಯ್ಯಾಳಿ" ಎಂದು ಕೂಗಿ, ನಾನು ತಿರುಗಿ ನೋಡಿದ ಕೂಡಲೇ "ನಿಮ್ಮನ್ನಲ್ಲ" ಎಂದ. ಇಷ್ಟೆಲ್ಲ ಕಷ್ಟಪಡುತ್ತಿದ್ದಾರಲ್ಲ ಎಂದು ನಾನೂ ಸಿಟ್ಟು ಮಾಡಿಕೊಳ್ಳಲು ಪ್ರಯತ್ನಪಟ್ಟೆ. ಹಲ್ಲು ಕಡಿದೆ, ಮುಷ್ಟಿ ಬಿಗಿದೆ. ಅಷ್ಟರಲ್ಲಿ ಮರದಾಚೆ ತಿದಿಯ ಸದ್ದು ಕೇಳಿ ಎಲ್ಲ ಸಡಿಲವಾಯಿತು.

ಗಾಳಿ ತಿರುಗಿತು. ಮೊದಲು ಕೆರೆಕೋಡಿಯ ಮನೆಗಳಲ್ಲಿ ಜ್ವರ ಕಾಣಿಸಿತು, ಆಮೇಲೆ ನಡುಬೀದಿಗೆ ಬಂತು. ಬೋರಜ್ಜಿಯ ಅಟ್ಟದ ಕಟ್ಟುಗಳು ಒಂದೊಂದಾಗಿ ಇಳಿದವು. ಕುಡಿದವರು ಎದ್ದರು, ಆದರೆ ಮಲಗುವವರು ಏಳುವವರಿಗಿಂತ ಜಾಸ್ತಿಯಾದರು. ಗಿಡದ ಸಾಲುಗಳಲ್ಲಿ ಆಡುಗಳು ಹಬ್ಬ ಮಾಡದಂತೆ ಬೇಲಿ ಕಟ್ಟಬೇಕಾಯಿತು. ನನ್ನ ನಗು ಸ್ವಲ್ಪ ಸ್ವಲ್ಪವಾಗಿ ಇಂಗಿತು. ಹೀಗಿರುವಾಗ ಒಂದು ದಿನ ಮರದಾಚೆ ತಿದಿಯ ಸದ್ದು ನಿಂತಿತು.

ಕೊಟ್ಟಿಗೆಗೆ ಓಡಿ ಹೋಗಿ ನೋಡಿದರೆ ಮೌನಾಚಾರಿ ಗೋಣಿಯ ಮೇಲೆ ಮುದುಡಿ ಮಲಗಿದ್ದ. ಹಲ್ಲು ಕಟಕಟ ಎನ್ನುತ್ತಿತ್ತು. ಮೈ ಅವನ ಒಲೆಯಷ್ಟೇ ಕಾದಿತ್ತು. ನನ್ನನ್ನು ನೋಡಿ ಎದ್ದು ಕೂರಲು ಹೋದ, ಆಗಲಿಲ್ಲ. ನಾನು ಗಿಡದ ಮುಂದೆ ಹೋಗಿ ಕೂತೆ. ಬೈಯಲು ಬಾಯಿ ತೆರೆದರೆ ಅಳು ಬಂತು. ಎಷ್ಟೊತ್ತು ಅತ್ತೆನೋ, ಬೋರಜ್ಜಿ ಬಂದು ನನ್ನ ಕಣ್ಣೀರು ಬಿದ್ದ ಎಲೆಯೊಂದನ್ನು ಅಗಿದು ನೋಡಿದಳು.

"ಉಪ್ಪಾಗದೆ. ಮಸ್ಸೊಪ್ಪಿಗೆ ಆಯ್ತದೆ, ಜ್ವರಕ್ಕೆ ಆಗಕಿಲ್ಲ" ಎಂದಳು. ನನ್ನ ತಲೆ ಸವರಿ ಮನೆಗೆ ಕರೆದುಕೊಂಡು ಹೋಗಿ, ಅಟ್ಟದಿಂದ ಒಂದು ಸಣ್ಣ ಕಟ್ಟು ತೆಗೆದು ಕೈಗಿಟ್ಟಳು. "ಇದೇ ಕಡೇದು. ನಿಮ್ಮಜ್ಜಿ ಬೈದಿದ್ದು, ಈಟು ದಿನ ನನಗೆ ಅಂತ ಮಡಗಿದ್ದೆ. ನಾನು ಮುದುಕಿ, ನಂಗ್ಯಾಕೆ. ಹೋಗು, ಅವನಿಗೆ ಕುಡ್ಸು. ತಡ ಮಾಡುದ್ರೆ ಆಚಾರಿ ಉಳಿಯಾಕಿಲ್ಲ."

ಬೆಳ್ಳಗೆ ಹೊಳೆಯುವ ಆ ಹಂಡೆಯಲ್ಲೇ ಕಷಾಯ ಕುದಿಸಿದೆ. ಚೊಂಬಿಗೆ ಬಸಿದು ಸಂಜೆ ಅವನ ತಲೆದೆಸೆಯಲ್ಲಿಟ್ಟು, ಆರಿದ ಮೇಲೆ ತಳ ಕಾಣುವವರೆಗೂ ಕುಡಿಯಬೇಕೆಂದು ಹೇಳಿದೆ. ಅವನು ಹೂಂಗುಟ್ಟಿದ. ಕುಡಿಯುವುದನ್ನು ಕಣ್ಣಾರೆ ನೋಡಬೇಕೆಂದು ಕೂತಿದ್ದೆ, ಅಷ್ಟರಲ್ಲಿ ನಡುಬೀದಿಯಲ್ಲಿ ಯಾರಿಗೋ ಜ್ವರ ನೆತ್ತಿಗೇರಿದೆ, ಒದ್ದೆ ಬಟ್ಟೆ ಹಾಕಲು ಕೈ ಬೇಕು ಎಂದು ಕರೆ ಬಂತು. ಹೋದೆ.

ಬೆಳಿಗ್ಗೆ ಬಂದರೆ ಚೊಂಬು ಖಾಲಿಯಾಗಿತ್ತು. ಆದರೆ ಅವನ ಮೈ ನಿನ್ನೆಗಿಂತ ಹೆಚ್ಚು ಸುಡುತ್ತಿತ್ತು. ಕಣ್ಣು ತೆರೆಯಲಿಲ್ಲ. ಬೋರಜ್ಜಿ ನಾಡಿ ಹಿಡಿದು ತಲೆಯಾಡಿಸಿ, "ಕಹಿ ಒಳಕ್ಕೆ ಹೋಗಿರೋ ಮೈ ಅಲ್ಲ ಇದು. ಇವತ್ತು ಬೈಗಿನೊಳಗೆ ಹೋಗ್ಲಿಲ್ಲ ಅಂದ್ರೆ ನಮ್ಮ ಕೈಲಿಲ್ಲ" ಎಂದಳು. ನನಗೆ ಏನೂ ತಿಳಿಯಲಿಲ್ಲ. ಅಷ್ಟರಲ್ಲಿ ದೊಡ್ಡತಾಯಮ್ಮ ಬಾಗಿಲಿಗೆ ಬಂದು ನಿಂತಳು. ಅವಳ ಮುಖ ಅರಳಿತ್ತು.

"ಆಚಾರ್ರು ಎದ್ರಾ? ಅವ್ರ ಕಾಲು ಮುಟ್ಟಿ ಹೋಗಾನ ಅಂತ ಬಂದೆ. ನಮ್ಮ ಕೂಸು ನೀಲಿಗೆ ಜ್ವರ ಬುಡ್ತು. ನಿನ್ನೆ ಬೈಗಿನಲ್ಲಿ ನಾನು ಇವ್ರನ್ನ ನೋಡಕ್ಕೆ ಬಂದು ಅಳ್ತಾ ನಿಂತಿದ್ನಾ, 'ನಂದು ಕುಡಿದಾಗದೆ ತಾಯಿ, ಮಿಕ್ಕಿದ್ದ ಕೂಸಿಗೆ ಕುಡ್ಸು' ಅಂತ ಚೊಂಬನ್ನೇ ಕೈಗೆ ಕೊಟ್ರು. ಬಗ್ಗಿಸಿ ತಕ್ಕೊಂಡು ಚೊಂಬು ತೊಳೆದು ಇಲ್ಲೇ ಮಡಗೋಗಿದ್ದೆ."

ಮಿಕ್ಕಿದ್ದಂತೆ. ಚೊಂಬಿನ ತುಂಬಾ ಇದ್ದದ್ದನ್ನು ಮಿಕ್ಕಿದ್ದು ಎಂದಿದ್ದ. ನಾನು ದೊಡ್ಡತಾಯಮ್ಮನ ಕೈ ಹಿಡಿದು, ಕೂಸು ನೂರ್ಕಾಲ ಬಾಳಲಿ ಎಂದೆ. ಮನಸ್ಸಿನಿಂದಲೇ ಅಂದೆ. ಅವಳು ಹೋದ ಮೇಲೆ ಮಲಗಿದ್ದವನ ಮುಖ ನೋಡಿದೆ. ಮೀಸೆಯ ಕೆಳಗೆ ತುಟಿ ಒಣಗಿ ಸಿಪ್ಪೆಯೆದ್ದಿತ್ತು, ಆದರೂ ಏನೋ ಸಮಾಧಾನವಿತ್ತು. ಆ ಸಮಾಧಾನ ಕಂಡದ್ದೇ ತಡ, ನನ್ನ ಅಂಗಾಲಿನಲ್ಲಿ ಚುರುಕ್ಕೆಂದಿತು. ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಎದೆಗೆ ಬಂತು. ನೆತ್ತಿಗೆ ಏರುವ ಮೊದಲೇ ಅದನ್ನು ಹಿಡಿದುಕೊಂಡು ಓಡಿದೆ. ಬೇಲಿ ಬಿಚ್ಚುವಷ್ಟು ವ್ಯವಧಾನವಿರಲಿಲ್ಲ, ಒದ್ದು ಬೀಳಿಸಿ ಜ್ವರದ ಸಾಲಿನ ಮುಂದೆ ನಿಂತೆ.

"ದೊಡ್ಡ ಕರ್ಣ ಹುಟ್ಟವ್ನೆ. ಯಾರು ಕೇಳುದ್ರು ಅವನ ದಾನಾವ? ಕೂಸಿಗೆ ಕೊಡು, ಬ್ಯಾಡ ಅಂದೋರ್ಯಾರು, ಅರ್ಧ ನೀನು ಕುಡಿಯೋಕೆ ಏನು ರೋಗ? ಸುಳ್ಳು ಬೇರೆ ಹೇಳವ್ನೆ, ಕುಡಿದಾಗದೆ ಅಂತ, ಆ ನಾಲಿಗೆಗೆ ಕಾದ ತವರ ಹುಯ್ಯ. ಸಾಯಕ್ಕೆ ಯಾರ ಅಪ್ಪಣೆ ತಕ್ಕೊಂಡೆ ನೀನು? ಒಲೆ ತಿರುಗ್ಸು ಅಂತ ನಾ ಅಂದಿದ್ನಾ? ಹಂಡೆ ಬೆಳಗು ಅಂತ ಅಂದಿದ್ನಾ? ನನ್ನ ಪಾಡಿಗೆ ನಾನು ಬೈಕೊಂಡು ಸುಖವಾಗಿದ್ದೆ. ಬೆಳಗ್ಬುಟ್ಟು, ಅದ್ರೊಳಗೆ ನನ್ನ ಮೊಕ ನಂಗೇ ತೋರ್ಸ್ಬುಟ್ಟು, ಈಗ ಗಂಟು ಕಟ್ಟಿ ಹೊಂಟ್ಯಾ? ಇನ್ನು ಬದುಕಿರೋಗಂಟ ಆ ಹಂಡೇಲಿ ನಾನೊಬ್ಬಳೇ ಬಗ್ಗಿ ನೋಡ್ಕೊಂಡು ಕೂತಿರ್ಬೇಕಾ? ಎದ್ದು ಬಾ ನೀನು. ಎದ್ದು ಬಂದು ನನ್ನ ಮುಂದೆ ನಿಂತ್ಕೊ, ಆಮ್ಯಾಲೆ ನೋಡು ನಿನ್ನ ಗತಿಯ."

ಇದು ನೆನಪಿರುವಷ್ಟು. ಉಳಿದದ್ದನ್ನು ಬರೆಯುವ ಹಾಗಿಲ್ಲ. ಊರಿನ ಎಲ್ಲ ಮನೆಗಳಿಗೂ ಕೇಳಿಸಿತಂತೆ. ಜ್ವರದಲ್ಲಿ ಮಲಗಿದ್ದವರು ಕೂಡ ಎದ್ದು ಕೂತು ಕಿವಿಗೊಟ್ಟರಂತೆ. ನನ್ನ ಉಸಿರು ಕಟ್ಟಿ ಮಾತು ನಿಂತಾಗ ಗಿಡಗಳ ಎಲೆಗಳೆಲ್ಲ ಕಡುಹಸಿರಾಗಿ ಮುದುಡಿಕೊಂಡಿದ್ದವು. ಬೋರಜ್ಜಿ ಮೆಲ್ಲಗೆ ಬಂದು ಒಂದು ಎಲೆಯ ತುದಿ ಮಾತ್ರ ಹಲ್ಲಿಗೆ ತಾಗಿಸಿದಳು. ಅವಳ ಮುಖದ ಸುಕ್ಕುಗಳೆಲ್ಲ ಮೂಗಿನ ಕಡೆಗೆ ಓಡಿ ಬಂದವು. ಕೋಲು ಕೈಬಿಟ್ಟು ನೆಲಕ್ಕೆ ಕುಸಿದಳು. ಮಾತು ಹೊರಡದೆ, ಕುಡುಗೋಲು ತನ್ನಿ ಎಂದು ಕೈಸನ್ನೆ ಮಾಡಿದಳು. ಚಾವಡಿಯ ಮೂಲೆಯಲ್ಲಿ ನಿಂತಿದ್ದ ಯಜಮಾನರು ಅವಳ ಆ ಮುಖವನ್ನು ನೋಡಿ ಕೈಮುಗಿದು ಕಣ್ಣೀರು ಹಾಕಿದರು.

ಆ ಮಧ್ಯಾಹ್ನ ನಮ್ಮೂರಿನಲ್ಲಿ ಕುದಿಯದ ಒಲೆಯಿರಲಿಲ್ಲ. ಮೊದಲ ಬಟ್ಟಲು ಮೌನಾಚಾರಿಗೆ. ಬೋರಜ್ಜಿ ಅವನ ದವಡೆ ಒತ್ತಿ ಹಿಡಿದಳು, ನಾನು ಚಮಚ ಚಮಚವಾಗಿ ಹಾಕಿದೆ. ಮೊದಲ ಚಮಚಕ್ಕೆ ಅವನ ಮೀಸೆ ಅದುರಿತು. ಎರಡನೆಯದಕ್ಕೆ ಕಣ್ಣು ತೆರೆಯಿತು. ಬಟ್ಟಲು ಮುಗಿಯುವ ಹೊತ್ತಿಗೆ ಅವನ ಎರಡು ಕಣ್ಣಿನಿಂದಲೂ ನೀರು ಹರಿಯುತ್ತಿತ್ತು, ಹಣೆಯಲ್ಲಿ ಬೆವರು ಮುತ್ತುಗಟ್ಟಿತ್ತು. ಬೋರಜ್ಜಿ ಬೆವರನ್ನು ಬೆರಳಿನಿಂದ ಮುಟ್ಟಿ ನೋಡಿ ನಿಟ್ಟುಸಿರು ಬಿಟ್ಟಳು.

"ಯಾರ ಮ್ಯಾಲಿನ ಸಿಟ್ಟು ಇದು?" ಎಂದ ಮೌನಾಚಾರಿ. ದನಿ ತೀರಾ ಸಣ್ಣಗಿತ್ತು.

"ನಿನ್ನ ಮೇಲಿಂದು" ಎಂದೆ.

ಅವನು ಮೀಸೆಗೆ ಅಂಟಿದ ಕಷಾಯ ಒರೆಸಿಕೊಂಡ. "ನಮ್ಮವ್ವ ಹೋದ ಮ್ಯಾಲೆ ನನಗೋಸ್ಕರ ಈಟು ಸಿಟ್ಟು ಮಾಡ್ಕೊಂಡೋರು ಯಾರೂ ಇರ್ಲಿಲ್ಲ, ಕೆಂಪಮ್ಮಾರೆ" ಎಂದು ಹೇಳಿ, ಇನ್ನೊಂದು ಬಟ್ಟಲಿಗೆ ಕೈ ಚಾಚಿದ. ನಾನು ಹೇಳಲಾರದೆ ಇಟ್ಟುಕೊಂಡಿದ್ದ ಮಾತು ಹಾಗೆ ಅವನ ಗಂಟಲಲ್ಲಿ ಇಳಿಯಿತು. ಅವನಿಗೊಬ್ಬನಿಗೇ ಅಲ್ಲ, ಅದೇ ಸಾಲಿನ ಸೊಪ್ಪನ್ನು ಊರೆಲ್ಲ ಕುಡಿಯಿತಲ್ಲ. ಒಂದೊಂದು ಮನೆಯಲ್ಲೂ ಒಂದು ಗುಟುಕು ಕುಡಿದು, ಮುಖ ಕಿವುಚಿ, ಆಮೇಲೆ ಗಂಡ ಹೆಂಡತಿಯ ಮುಖವನ್ನೂ ಹೆಂಡತಿ ಗಂಡನ ಮುಖವನ್ನೂ ನೋಡಿ ಮುಸಿಮುಸಿ ನಕ್ಕರಂತೆ. ಬರಿಯ ಕೋಪದಿಂದ ಇಷ್ಟು ಕಹಿ ಆಗುವುದಿಲ್ಲ ಎಂದು ನಮ್ಮೂರಿನ ಎಳೆಮಕ್ಕಳಿಗೂ ಗೊತ್ತು. ಜ್ವರ ಊರು ಬಿಟ್ಟಿತು. ನಾನು ಮಾತ್ರ ನಾಚಿಕೆಯಿಂದ ಎಷ್ಟೋ ದಿನ ಹೊರಗೆ ತಲೆ ಹಾಕಲಿಲ್ಲ.

ಮದುವೆಯ ಮಾತು ಬಂದಾಗ ಯಜಮಾನರಿಗೆ ಹೊಸ ಚಿಂತೆ ಹತ್ತಿತು. "ಬರೇ ಒಲೆ ತಿರುಗ್ಸಿದ್ದಕ್ಕೇ ಗಿಡ ಕಬ್ಬಾಯ್ತು. ಇನ್ನು ತಾಳಿನೂ ಕಟ್ಟುದ್ರೆ ಊರ ಗತಿ ಏನು?" ಎಂದರು. ಬೋರಜ್ಜಿ ಬೊಚ್ಚುಬಾಯಿ ತೆರೆದು ನಕ್ಕು, "ಮೊದ್ಲು ಮದುವೆ ಮಾಡ್ರಯ್ಯ. ಎಟೊಂದು ಮನೇಲಿ ಹೆರಿಗೆ ಮಾಡಿಸಿವ್ನಿ, ಬೈಗುಳಕ್ಕೆ ಬರ ಬಂದ ಮನೆ ಇನ್ನೂ ಕಂಡಿಲ್ಲ" ಎಂದಳು.

ಮದುವೆಯಾಯಿತು. ಮಾರನೆಯ ಬೆಳಿಗ್ಗೆ ನಾನು ಗಿಡದ ಮುಂದೆ ಬಂದಾಗ ಇಡೀ ಊರು ಚಾವಡಿಯ ಹಿಂದೆ ಸೇರಿತ್ತು. ಬಂದದ್ದು ಬೇರೆ ಕೆಲಸಕ್ಕೆ ಎಂಬಂತೆ ಒಬ್ಬರು ಹಗ್ಗ ಹೊಸೆಯುತ್ತಿದ್ದರು, ಒಬ್ಬರು ಇಲ್ಲದ ಅಕ್ಕಿಯನ್ನು ಕೇರುತ್ತಿದ್ದರು. ನಾನು ಸೆರಗು ಸಿಕ್ಕಿಸಿ ಬಾಯಿ ತೆರೆದೆ. ಕಿಸಕ್ಕನೆ ನಗು ಬಂತು. ಊರಿನ ಎದೆ ಧಸಕ್ಕೆಂದಿತು. ಇನ್ನೊಮ್ಮೆ ಗಂಟಲು ಸರಿಮಾಡಿಕೊಂಡೆ, ಇನ್ನೂ ಜೋರಾಗಿ ನಗು ಬಂತು. ಬೋರಜ್ಜಿ ಹಣೆ ಚಚ್ಚಿಕೊಂಡಳು.

ಆಗ ಬಿಳಿ ಹೊಗೆ ಭುಗ್ಗೆಂದು ಬಂದು ನನ್ನ ಮೂಗಿಗೆ ಹೊಡೆಯಿತು. ತಿರುಗಿ ನೋಡಿದರೆ ನನ್ನ ಗಂಡ ಮೋಟುಗೋಡೆ ಒಡೆದು, ಒಲೆಯನ್ನು ಹಳೆಯ ಗುಂಡಿಗೇ ತಂದು ಹೂಡಿಕೊಂಡು, ತಣ್ಣಗೆ ತಿದಿ ಒತ್ತುತ್ತಿದ್ದ. ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಆದರೂ ಕೋಪ ಬರಲಿಲ್ಲ. ಯಾಕೆ ತಂದನೆಂದು ಗೊತ್ತಿದ್ದ ಮೇಲೆ ಕೋಪ ಹೇಗೆ ಬಂದೀತು? ಕೆಮ್ಮುತ್ತಲೇ ನಕ್ಕೆ. ಅವನು ತಿದಿ ಒತ್ತುವುದನ್ನು ನಿಲ್ಲಿಸಿ, ಮೀಸೆ ಒರೆಸಿಕೊಂಡು, ಪಾತ್ರೆಯೊಳಗೆ ನೋಡುತ್ತಲೇ ಹೇಳಿದ.

"ಅಲ್ಲ ಕೆಂಪು, ಆವತ್ತು ಹೇಳನ ಅಂತಿದ್ದೆ, ಮರ್ತೆ. ನಿನ್ನ ಕಷಾಯ ಇತ್ತಲ್ಲ, ಅದು ವಸಿ ಸಪ್ಪೆ ಆಗಿತ್ತು."

ಸಪ್ಪೆಯಂತೆ. ಮೂರು ತಲೆಮಾರಿನ ಕೆಲಸ. ಬೋರಜ್ಜಿಯನ್ನು ನೆಲಕ್ಕೆ ಕೂರಿಸಿದ ಕಷಾಯ. ಇವನನ್ನು ಸಾವಿನ ಬಾಗಿಲಿನಿಂದ ಜುಟ್ಟು ಹಿಡಿದು ಎಳೆದು ತಂದ ಕಷಾಯ. ನನ್ನ ಅಂಗಾಲಿನಲ್ಲಿ ಚುರುಕ್ಕೆಂದಿತು. ಇಡೀ ಊರು ಸೇರಿ ಕಂಡುಹಿಡಿಯಲಾರದೆ ಹೋದದ್ದನ್ನು ಇವನು ಎಷ್ಟು ಸುಲಭವಾಗಿ ಕಂಡುಕೊಂಡಿದ್ದಾನಲ್ಲ ಎಂದು ಒಂದು ಕಡೆ ಎದೆ ಉಬ್ಬುತ್ತಿತ್ತು, ಇನ್ನೊಂದು ಕಡೆ ಕೋಪ ಮೊಣಕಾಲು ದಾಟಿ ಸೊಂಟಕ್ಕೆ ಬಂದಿತ್ತು. ನಾನು ಗಿಡದ ಕಡೆ ತಿರುಗಿದೆ. ಹಿಂದೆ ಹಗ್ಗ ಹೊಸೆಯುವವರ ಕೈ ನಿಂತಿತು.

ಬೈದು ಮುಗಿಸಿದಾಗ ಬಿಸಿಲು ಏರಿತ್ತು. ಬೋರಜ್ಜಿ ಕೋಲೂರಿಕೊಂಡು ಬಂದು ಒಂದು ಎಲೆ ಕಿತ್ತು ಬಾಯಿಗಿಟ್ಟಳು. ಅವಳ ಮುಖ ಸಿಂಡರಿಸಿತು, ಇನ್ನೂ ಸಿಂಡರಿಸಿತು, ಎರಡು ಸಲ ಸೀನಿದಳು. ಜನ ಸಮಾಧಾನದಿಂದ ಎದ್ದು ಹೊಲಕ್ಕೆ ಹೊರಟರು. ನಾನು ಸೆರಗಿನಿಂದ ಮುಖ ಒರೆಸಿಕೊಂಡು ಮೌನಾಚಾರಿಯ ಪಕ್ಕದಲ್ಲಿ ಹೋಗಿ ಕೂತೆ. ಅವನು ಆಗತಾನೆ ಕಲಾಯಿ ಹಾಕಿದ್ದ ಪಾತ್ರೆಯನ್ನು ನನ್ನ ಕಡೆ ವಾಲಿಸಿದ. ಒಳಗೆ ಇಬ್ಬರ ಮುಖವೂ ಕಂಡಿತು, ಹೊಗೆಗೆ ಇಬ್ಬರ ಕಣ್ಣೂ ಕೆಂಪಾಗಿದ್ದವು.